ಪಿಟೀಲು ಪೆಟ್ಟಿಗೆ: ಏನಿರಬೇಕು, ಎಲ್ಲಿರಬೇಕು

ಕಛೇರಿಯ ನಡುವೆ ತಂತಿ ಹರಿದರೆ ಪಿಟೀಲು ವಾದಕರಿಗೆ ಸಿಗುವುದು ಎರಡು, ಹೆಚ್ಚೆಂದರೆ ಮೂರು ನಿಮಿಷ. ಗಾಯಕರು ಹಾಡು ನಿಲ್ಲಿಸುವುದಿಲ್ಲ, ಮೃದಂಗವೂ ನಿಲ್ಲುವುದಿಲ್ಲ. ಕೂತಲ್ಲಿಂದ ಏಳದೆ, ಬೆನ್ನ ಹಿಂದಿನ ಪೆಟ್ಟಿಗೆಗೆ ಕೈಹಾಕಿ, ಬೇಕಾದ ತಂತಿಯನ್ನೇ ತೆಗೆದು ಕಟ್ಟಬೇಕು. ಆ ಹೊತ್ತಿನಲ್ಲಿ ಪೆಟ್ಟಿಗೆ ತಡಕಾಡಿದರೆ ಸಭೆಯ ಕಣ್ಣೆಲ್ಲ ಅಲ್ಲೇ. ಆದ್ದರಿಂದ ಪೆಟ್ಟಿಗೆಯಲ್ಲಿ ಏನಿದೆ ಎಂಬುದರಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯ. ಯಾವುದು ಮೊದಲು ಕೆಡುತ್ತದೋ ಅದಕ್ಕೆ ಬೇಕಾದದ್ದು ಕೈಗೆ ಮೊದಲು ಸಿಗಬೇಕು.

ಮೊದಲು ಪೂರ್ತಿ ಖಾಲಿ ಮಾಡಿ

ಪೆಟ್ಟಿಗೆಯನ್ನು ಬೋರಲು ಹಾಕಿ ತಟ್ಟಿ. ಕಮಾನಿನ ಕೂದಲಿಗೆ ತಿಕ್ಕುವ ರೋಸಿನ್ನಿನ ಪುಡಿ, ತುಂಡು ತಂತಿ, ಹಳೆಯ ಬಸ್ ಟಿಕೆಟ್ಟು, ಯಾವುದೋ ದೇವಸ್ಥಾನದ ಕುಂಕುಮದ ಪೊಟ್ಟಣ ಎಲ್ಲ ಉದುರುತ್ತವೆ. ಒಳಗಿನ ಮಖಮಲ್ಲನ್ನು ವ್ಯಾಕ್ಯೂಮ್ ಕ್ಲೀನರ್‌ನಿಂದಲೋ ಗಟ್ಟಿ ಬ್ರಷ್ಷಿನಿಂದಲೋ ಮೂಲೆ ಮೂಲೆ ಎಳೆದು, ಅರ್ಧ ದಿನ ಮುಚ್ಚಳ ತೆರೆದು ಬೆಳಕಿಗೆ ಇಡಿ. ವಾರಗಟ್ಟಲೆ ಮುಚ್ಚಿಟ್ಟ ಪೆಟ್ಟಿಗೆಯ ಕತ್ತಲಲ್ಲಿ ಸಣ್ಣ ಹುಳುಗಳು ಸೇರಿಕೊಂಡು ಕಮಾನಿನ ಕೂದಲನ್ನು ತಿನ್ನುತ್ತವೆ. ನುಡಿಸದೇ ಇದ್ದ ಕಮಾನಿನಲ್ಲಿ ಹತ್ತಾರು ಕೂದಲು ತಾನಾಗಿ ತುಂಡಾಗಿ ಜೋತುಬಿದ್ದಿದ್ದರೆ ಕಾರಣ ಬಹುತೇಕ ಇದೇ.

ಜಿಪ್ಪು, ಕೊಂಡಿ, ಮುಚ್ಚಳದಲ್ಲಿ ಕಮಾನು ಹಿಡಿದಿಡುವ ತಿರುಗುಕೊಂಡಿ ಇವನ್ನು ನೋಡಿಕೊಳ್ಳಿ. ಈ ತಿರುಗುಕೊಂಡಿ ಸಡಿಲವಾಗಿದ್ದರೆ ಸಾಗಿಸುವಾಗ ಕಮಾನು ಕಳಚಿ ಪಿಟೀಲಿನ ಮೇಲೆ ಬಿದ್ದು ವಾರ್ನಿಷ್ ಗೀಚುತ್ತದೆ.

ಅಂಗಡಿಯಲ್ಲಿ ಸಿಗುವ ಪೆಟ್ಟಿಗೆಗಳು ನಿಂತು ನುಡಿಸುವವರ ಲೆಕ್ಕದಲ್ಲಿ ತಯಾರಾದವು. ಭುಜಕ್ಕೆ ಆನಿಸುವ ಶೋಲ್ಡರ್ ರೆಸ್ಟ್‌ಗೆ ಅದರಲ್ಲೊಂದು ಗೂಡು ಇರುತ್ತದೆ. ನಮ್ಮಲ್ಲಿ ನೆಲದ ಮೇಲೆ ಕೂತು, ಪಿಟೀಲಿನ ಸುರುಳಿತಲೆಯನ್ನು ಬಲಗಾಲಿನ ಹರಡಿನ ಹತ್ತಿರ ಆನಿಸಿ ನುಡಿಸುವುದರಿಂದ ಆ ಗೂಡು ಖಾಲಿ. ತಂತಿಗಳ ಜಾಗ ಅದೇ ಆಗಲಿ.

ತಂತಿ: ಎಷ್ಟು, ಯಾವುದು

ಮೊದಲನೇ ತಂತಿ ಎರಡು, ಉಳಿದ ಮೂರಕ್ಕೆ ಒಂದೊಂದು, ಒಟ್ಟು ಐದು. ಮೊದಲನೆಯದು ಸಪೂರ ಉಕ್ಕಿನ ತಂತಿ, ಹೆಚ್ಚು ಹರಿಯುವುದು ಅದೇ. ಒಂದೊಂದನ್ನೂ ಬೇರೆ ಲಕೋಟೆಯಲ್ಲಿಟ್ಟು ಮೇಲೆ ದೊಡ್ಡದಾಗಿ 1, 2, 3, 4 ಎಂದು ಬರೆಯಿರಿ, ಕೊಂಡ ತಿಂಗಳನ್ನೂ ಬರೆಯಿರಿ. ಸುರುಳಿಯನ್ನು ಕಾಫಿ ಲೋಟದ ಬಾಯಿಗಿಂತ ಚಿಕ್ಕದಾಗಿ ಸುತ್ತಬೇಡಿ. ಸುತ್ತುತಂತಿಗೆ ಒಮ್ಮೆ ಗೆಣ್ಣು ಬಿದ್ದರೆ ಆ ಜಾಗದಲ್ಲಿ ನಾದ ಒಡೆಯುತ್ತದೆ.

ಅನುಭವಿಗಳ ಪೆಟ್ಟಿಗೆಯಲ್ಲಿ ಹೊಸ ತಂತಿಯ ಪಕ್ಕದಲ್ಲೇ ಹಳೆಯ ಒಂದು ಜೊತೆಯೂ ಇರುತ್ತದೆ. ಅದು ಜಿಪುಣತನವಲ್ಲ. ಹೊಸ ತಂತಿ, ಅದರಲ್ಲೂ ನಾರಿನ ಒಳತಿರುಳಿನ ಸಿಂಥೆಟಿಕ್ ತಂತಿ, ಹಾಕಿದ ಮೇಲೆ ಎರಡು ಮೂರು ದಿನ ಹಿಗ್ಗುತ್ತಲೇ ಇರುತ್ತದೆ. ಕಛೇರಿಯ ನಡುವೆ ಹಾಕಿದರೆ ಹಾಡಿನ ಸಾಲು ತಿರುಗಿ ಬಂದಾಗಲೆಲ್ಲ ಶ್ರುತಿ ಇಳಿಯುತ್ತದೆ. ಒಂದೆರಡು ತಿಂಗಳು ನುಡಿಸಿ ತೆಗೆದಿಟ್ಟ ತಂತಿ ಹಿಗ್ಗಿ ಮುಗಿದಿರುತ್ತದೆ, ಏರಿಸಿದಲ್ಲಿ ನಿಲ್ಲುತ್ತದೆ. ಆದ್ದರಿಂದ ತಂತಿಗಳನ್ನು ಬದಲಿಸುವಾಗ ಚೆನ್ನಾಗಿರುವ ಹಳೆಯವನ್ನು ಒರೆಸಿ ಲಕೋಟೆಗೆ ಹಾಕಿಡಿ. ತುಕ್ಕು ಹಿಡಿದದ್ದು ಮಾತ್ರ ಬೇಡ.

ದಪ್ಪದ ವಿಷಯ ಇನ್ನೊಂದು. ಪೊಟ್ಟಣದ ಮೇಲಿರುವ ಜಿ, ಡಿ, ಎ, ಇ ಎಂಬ ಹೆಸರುಗಳು ಪಾಶ್ಚಾತ್ಯ ಶ್ರುತಿಯವು, ತಂತಿಯ ದಪ್ಪವೂ ಆ ಬಿಗಿತಕ್ಕೇ ಹೊಂದಿಸಿದ್ದು. ನಾವು ಕೂಡಿಸುವುದು ಸ-ಪ-ಸ-ಪ. ಐದು ಮನೆಯ, ಅಂದರೆ ಜಿ ಶ್ರುತಿಯ ಗಾಯಕಿಗೆ ನುಡಿಸುವಾಗ ದಪ್ಪ ತಂತಿಗಳೆರಡೂ ಜಿ, ಡಿಯಲ್ಲೇ ಉಳಿಯುತ್ತವೆ, ಸಪೂರ ತಂತಿಗಳು ಒಂದೊಂದು ಪೂರ್ಣಸ್ವರ ಇಳಿದರೆ ಸಾಕು. ಒಂದೂವರೆ ಮನೆಯ, ಅಂದರೆ ಸಿ ಶಾರ್ಪ್ ಶ್ರುತಿಯ ಗಾಯಕರಾದರೆ ದಪ್ಪ ತಂತಿಗಳು ಆರು ಅರ್ಧಸ್ವರ, ಸಪೂರದವು ಎಂಟು ಅರ್ಧಸ್ವರ ಕೆಳಗಿಳಿಯಬೇಕು. ಅಷ್ಟು ಸಡಿಲಾದ ಮಾಮೂಲಿ ತಂತಿ ಕಮಾನಿನಡಿ ತೊನೆಯುತ್ತದೆ, ಗಮಕದಲ್ಲಿ, ಅಂದರೆ ಸ್ವರವನ್ನು ಓಲಾಡಿಸುವಾಗ, ಸ್ವರ ಜಾರುತ್ತದೆ. ತಗ್ಗು ಶ್ರುತಿಗೆ ದಪ್ಪ ತಂತಿ ಬೇಕು, ಬಿಡಿ ತಂತಿಯೂ ಅದೇ ದಪ್ಪದ್ದಿರಬೇಕು. ಹೆಣ್ಣು ಶ್ರುತಿ, ಗಂಡು ಶ್ರುತಿ ಎರಡಕ್ಕೂ ಪಕ್ಕವಾದ್ಯ ನುಡಿಸುವವರು ಎರಡು ಪಿಟೀಲು ಇಟ್ಟುಕೊಳ್ಳುವುದು ಇದಕ್ಕೇ. ಒಂದೇ ವಾದ್ಯವಿದ್ದರೆ ಶ್ರುತಿಯನ್ನು ಹಿಂದಿನ ದಿನವೇ ಬದಲಿಸಿ ರಾತ್ರಿಯಿಡೀ ಬಿಡಿ.

ತಂತಿ ಬದಲಿಸುವ ಕ್ರಮ

ಒಂದು ಸಲಕ್ಕೆ ಒಂದೇ ತಂತಿ. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಕುದುರೆ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಜ್, ಬೀಳುತ್ತದೆ, ಒತ್ತಡ ತಪ್ಪಿದ್ದರಿಂದ ಹೊಟ್ಟೆಯೊಳಗೆ ನಿಲ್ಲಿಸಿರುವ ಕಡ್ಡಿ, ಅಂದರೆ ಸೌಂಡ್ ಪೋಸ್ಟ್, ಉರುಳಿಬಿಡಬಹುದು. ಅದನ್ನು ಅಂಟು ಹಾಕಿ ನಿಲ್ಲಿಸಿರುವುದಿಲ್ಲ. ಉರುಳಿದರೆ ತಂತಿಗಳನ್ನೆಲ್ಲ ಸಡಿಲಿಸಿ ರಿಪೇರಿಯವರ ಬಳಿ ಒಯ್ಯಬೇಕು. ಕಡ್ಡಿ ಇಲ್ಲದೆ ತಂತಿ ಬಿಗಿದರೆ ಮೇಲ್ಹಲಗೆ ಕುಸಿಯುತ್ತದೆ.

ಶ್ರುತಿಯನ್ನು ಸೂಕ್ಷ್ಮವಾಗಿ ಕೂಡಿಸುವ ಫೈನ್ ಟ್ಯೂನರ್ ತಿರುಪನ್ನು ಮೊದಲು ನಡುಮಟ್ಟಕ್ಕೆ ತನ್ನಿ. ತುದಿಗೇ ತಿರುಗಿ ನಿಂತಿದ್ದರೆ ಆಮೇಲೆ ಕೂಡಿಸಲು ಜಾಗವಿರುವುದಿಲ್ಲ. ತಂತಿಯ ಗುಂಡನ್ನು ಅದಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ತಂತಿ ಬಿಗಿಸುವ ಬಿರಡೆಯ ತೂತಿನಲ್ಲಿ ಸ್ವಲ್ಪವೇ ಹೊರಬರುವಷ್ಟು ತೂರಿಸಿ. ಸುತ್ತುಗಳು ಒಂದರ ಪಕ್ಕ ಒಂದು, ಬಿರಡೆಯ ಹಿಡಿಯ ಕಡೆಗೆ ಸಾಗಬೇಕು, ಒಂದರ ಮೇಲೊಂದು ಹತ್ತಬಾರದು. ತಿರುಗಿಸುವಾಗಲೇ ಬಿರಡೆಯನ್ನು ಒಳಕ್ಕೆ ಒತ್ತುತ್ತಿರಿ. ನಟ್ಟಿನ (ಬಿರಡೆಗಳ ಬದಿಯಲ್ಲಿ ತಂತಿ ಹಾಯುವ ಪಟ್ಟಿಯ) ಮತ್ತು ಕುದುರೆಯ ಗಾಡಿಗೆ, ಅಂದರೆ ತಂತಿ ಕೂರುವ ಗೀರಿಗೆ, 2ಬಿ ಪೆನ್ಸಿಲ್ ತುದಿಯನ್ನು ಎರಡು ಸಲ ಉಜ್ಜಿ. ಸೀಸದ ಪುಡಿ ಇದ್ದರೆ ತಂತಿ ಸಿಕ್ಕಿಕೊಳ್ಳದೆ ಜಾರುತ್ತದೆ.

ತಂತಿ ಏರಿಸುತ್ತಾ ಹೋದಂತೆ ಅದು ಕುದುರೆಯ ತಲೆಯನ್ನು ಬಿರಡೆಯ ಕಡೆಗೆ ಎಳೆಯುತ್ತದೆ. ಇದು ಕಣ್ಣಿಗೆ ಬೀಳದೇ ಆಗುವಂಥದ್ದು. ಕುದುರೆಯ ಹಿಂಬದಿ ಹೊಟ್ಟೆಗೆ ಲಂಬವಾಗಿದೆಯೇ ನೋಡಿ, ವಾಲಿದ್ದರೆ ಎರಡೂ ಕೈಯ ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಕೂದಲೆಳೆಯಷ್ಟೇ ಹಿಂದಕ್ಕೆ ತನ್ನಿ. ವಾಲಿದ ಕುದುರೆ ದಿನ ಕಳೆದಂತೆ ಬಾಗಿಯೇ ಹೋಗುತ್ತದೆ, ಇಲ್ಲವೇ ಕಛೇರಿಯಲ್ಲಿ ಪಟ್ಟೆಂದು ಬೀಳುತ್ತದೆ.

ಪ್ರತಿ ಸಲವೂ ತಂತಿ ಒಂದೇ ಜಾಗದಲ್ಲಿ ಹರಿಯುತ್ತಿದ್ದರೆ ತಂತಿ ಕಂಪನಿಯನ್ನು ಬೈಯಬೇಡಿ. ಆ ಜಾಗದ ಗಾಡಿಯೋ ಬಿರಡೆಯ ತೂತಿನ ಅಂಚೋ ಚೂಪಾಗಿದೆ.

ಸಣ್ಣ ಚೀಲ

ಕನ್ನಡಕದ ಗೂಡಿನಷ್ಟು ದೊಡ್ಡ ಒಂದು ಜಿಪ್ ಚೀಲ ಸಾಕು. ಆ ಪೆನ್ಸಿಲ್, ಅರ್ಧ ತುಂಡು ಸೀಮೆಸುಣ್ಣ, ಒಣ ಸೋಪಿನ ಚೂರು, ಉಗುರು ಕತ್ತರಿ, ಚಿಕ್ಕ ಇಕ್ಕಳ, ಕ್ಲಿಪ್ ಟ್ಯೂನರ್, ಒಂದು ಬಿಡಿ ಕುದುರೆ. ಕುದುರೆ ನಿಮ್ಮ ವಾದ್ಯದ ಹೊಟ್ಟೆಯ ಏರಿಗೆ ಕಾಲು ಕೆತ್ತಿಸಿಕೊಂಡದ್ದೇ ಆಗಿರಬೇಕು. ಅಂಗಡಿಯಿಂದ ತಂದ ಹಾಗೇ ಇಟ್ಟರೆ ಸಮಯಕ್ಕೆ ಅದು ಬರೀ ಮರದ ತುಂಡು.

ಬಿರಡೆ ಜಾರಿ ಶ್ರುತಿ ನಿಲ್ಲದಿದ್ದರೆ ಸೀಮೆಸುಣ್ಣ, ಬಿಗಿಯಾಗಿ ಕಿರುಗುಟ್ಟಿದರೆ ಸೋಪು. ಬಿರಡೆಯನ್ನು ಹೊರಗೆಳೆದು, ಅದು ಕೂರುವ ತೂತಿನ ಗೋಡೆಗೆ ತಾಗಿ ಹೊಳೆಯುವ ಎರಡು ಪಟ್ಟೆಗಳಿಗೆ ಮಾತ್ರ ಹಚ್ಚಿ. ಮಳೆಗಾಲದಲ್ಲಿ ಮಂಗಳೂರಿಗೆ ಹೋದರೆ ಬಿರಡೆ ಉಬ್ಬಿ ಬಿಗಿಯುತ್ತದೆ, ಬೇಸಿಗೆಯಲ್ಲಿ ಕಲಬುರಗಿಗೆ ಹೋದರೆ ಕುಗ್ಗಿ ಸರ್ರನೆ ಬಿಚ್ಚಿಕೊಳ್ಳುತ್ತದೆ. ಎರಡೂ ಚೂರುಗಳು ಜೊತೆಗಿರಬೇಕಾದ್ದು ಅದಕ್ಕೇ.

ಕಮಾನು, ರೋಸಿನ್

ಪಿಟೀಲಿಗೆ ಎರಡು ಕುದುರೆ: ಒಂದು ಹೊಟ್ಟೆಯ ಮೇಲೆ ನಿಂತಿದೆ, ಇನ್ನೊಂದರ ಬಾಲ ಕಮಾನಿನಲ್ಲಿದೆ. ಈ ಎರಡನೆಯದಕ್ಕೆ ಬೆರಳಿನ ಎಣ್ಣೆ ತಾಗಬಾರದು. ಗಮಕಕ್ಕೆ ಬೆರಳು ಜಾರಲೆಂದು ಎಡಗೈ ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುವವರು ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ತಿರುಪಿನ ಮುಚ್ಚಳದ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಪೆಟ್ಟಿಗೆಯ ಹೊರಜೇಬಿನಲ್ಲಿಡಿ. ರೋಸಿನ್ ಇರುವ ಗೂಡಿನಲ್ಲಿ ಎಣ್ಣೆ ಡಬ್ಬಿ ಇಡುವುದು ಈ ಪೆಟ್ಟಿಗೆಯಲ್ಲಿ ಮಾಡಬಹುದಾದ ದೊಡ್ಡ ತಪ್ಪು. ಎಣ್ಣೆ ಹತ್ತಿದ ಕೂದಲು ತಂತಿಯನ್ನು ಹಿಡಿಯುವುದೇ ಇಲ್ಲ, ಎಷ್ಟು ರೋಸಿನ್ ತಿಕ್ಕಿದರೂ.

ರೋಸಿನ್ ಬಿಲ್ಲೆ ಬಿದ್ದರೆ ಗಾಜಿನಂತೆ ಚೂರಾಗುತ್ತದೆ, ಬಟ್ಟೆಯಲ್ಲಿ ಸುತ್ತಿಡಿ. ಹೊಸ ಬಿಲ್ಲೆಯ ನುಣುಪು ಮೈಯನ್ನು ಉಪ್ಪುಕಾಗದದಲ್ಲಿ ಸ್ವಲ್ಪ ಕೆರೆದರೆ ಮಾತ್ರ ಪುಡಿ ಬಿಡುತ್ತದೆ. ದಿನಕ್ಕೆ ನಾಲ್ಕಾರು ಎಳೆತ ಸಾಕು. ಮೈಕಿನಲ್ಲಿ ಕರಕರ ಸದ್ದು ಕೇಳಿಸಿದರೆ ರೋಸಿನ್ ಹೆಚ್ಚಾಗಿದೆ. ನುಡಿಸುವಾಗ ಕೂದಲಿಗೂ ಕೋಲಿಗೂ ನಡುವೆ ಪೆನ್ಸಿಲ್ ತೂರುವಷ್ಟು ಅಂತರ, ಮುಗಿದ ಮೇಲೆ ತಿರುಪು ಬಿಚ್ಚಿ ಕೂದಲು ಕೋಲಿಗೆ ತಾಗುವಷ್ಟು ಸಡಿಲ. ಬಿಗಿದಿಟ್ಟ ಕಮಾನಿನ ಬಾಗು ಕ್ರಮೇಣ ನೇರವಾಗಿಬಿಡುತ್ತದೆ. ಎರಡನೇ ಕಮಾನು ಇರಲೇಬೇಕು, ಅಗ್ಗದ್ದಾದರೂ ಸರಿ.

ಬಟ್ಟೆ ಮೂರು

ಒಂದು ತಂತಿಯ ರೋಸಿನ್ ಒರೆಸಲು, ಇನ್ನೊಂದು ಮರ ಒರೆಸಲು. ಇವೆರಡನ್ನು ಅದಲುಬದಲು ಮಾಡಿದರೆ ಅಂಟುಪುಡಿ ವಾರ್ನಿಷ್ಷಿಗೆ ಕೂರುತ್ತದೆ. ಬಣ್ಣ ಬೇರೆ ಬೇರೆ ಇರಲಿ. ಸ್ಪಿರಿಟ್, ಸ್ಯಾನಿಟೈಸರ್ ಮರದ ಹತ್ತಿರ ತರಲೇಬೇಡಿ, ವಾರ್ನಿಷ್ ಕರಗುತ್ತದೆ. ಮೂರನೆಯದು ಹಳೆಯ ಮೆತ್ತನೆ ಪಂಚೆಯ ತುಂಡು: ಪೆಟ್ಟಿಗೆಯಲ್ಲಿ ವಾದ್ಯದ ಮೇಲೆ ಹೊದಿಕೆ, ವೇದಿಕೆಯಲ್ಲಿ ಕಾಲಿಗೂ ಸುರುಳಿತಲೆಗೂ ನಡುವೆ ಮಡಿಕೆ.

ಹೊದಿಕೆಯ ಮೇಲೆ ಬೇರೇನೂ ಬೇಡ. ಸಾಹಿತ್ಯದ ನೋಟ್‌ಬುಕ್ಕನ್ನೋ ಶಲ್ಯವನ್ನೋ ತುರುಕಿ ಮುಚ್ಚಳ ಒತ್ತಿದರೆ ಆ ಭಾರವೆಲ್ಲ ಕುದುರೆಯ ಮೂಲಕ ಮೇಲ್ಹಲಗೆಗೆ ಇಳಿಯುತ್ತದೆ. ಹಲಗೆ ಸೀಳುವುದು ಹೀಗೆ.

ಆಯುಧಪೂಜೆಗೆ ಗಂಧ, ಕುಂಕುಮವನ್ನು ಪೆಟ್ಟಿಗೆಯ ಮುಚ್ಚಳಕ್ಕೆ ಇಟ್ಟರೆ ಸರಸ್ವತಿ ಬೇಸರ ಮಾಡಿಕೊಳ್ಳುವುದಿಲ್ಲ. ಹಸಿ ಗಂಧ ವಾರ್ನಿಷ್ ಮೇಲೆ ಒಣಗಿದರೆ ಕಲೆ ಹೋಗುವುದು ಕಷ್ಟ.

ವಿದ್ಯುತ್ತಿನ ಸಾಮಾನು

ಮೈಕು ಇಲ್ಲದ ಕಾಲದಲ್ಲಿ ಸಭೆಯ ಕೊನೆಯವರೆಗೆ ನಾದ ಮುಟ್ಟಿಸಲೆಂದು ಮೈಸೂರಿನ ಟಿ. ಚೌಡಯ್ಯ ಏಳು ತಂತಿಯ ಪಿಟೀಲು ಮಾಡಿಕೊಂಡರು. ಈಗ ಆ ಕೆಲಸಕ್ಕೆ ಪೆಟ್ಟಿಗೆಯಲ್ಲಿ ವಾದ್ಯದ ಮೈಗೇ ಅಂಟಿಸುವ ಕಾಂಟ್ಯಾಕ್ಟ್ ಮೈಕ್, ಅಂದರೆ ಪಿಕಪ್, ಕೂತಿದೆ. ಜೊತೆಗೆ ಐದು ಮೀಟರ್ ಕೇಬಲ್ ಮತ್ತು ಸೀಲ್ ಒಡೆಯದ 9 ವೋಲ್ಟ್ ಬ್ಯಾಟರಿ ಇಡಿ. ಸದ್ದು ಹಿಗ್ಗಿಸುವ ಪ್ರೀಆಂಪ್ ಇರುವ ಹೆಚ್ಚಿನ ಪಿಕಪ್‌ಗಳು ಜ್ಯಾಕ್ ಚುಚ್ಚಿದ್ದಷ್ಟು ಹೊತ್ತೂ ಬ್ಯಾಟರಿ ತಿನ್ನುತ್ತವೆ, ನುಡಿಸಿ ಆದ ಕೂಡಲೇ ಜ್ಯಾಕ್ ಕೀಳಿ. ಶ್ರುತಿಪೆಟ್ಟಿಗೆ ಗಾಯಕರು ತರುತ್ತಾರೆಂದು ನಂಬಿ ಹೋಗಬೇಡಿ. ಮೊಬೈಲಿನಲ್ಲಿ ತಂಬೂರ ಆ್ಯಪ್ ಇದ್ದರೆ ಅದು ಇಂಟರ್‌ನೆಟ್ ಇಲ್ಲದೆಯೂ ಓಡುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ.

ಪಕ್ಕದವರ ಚೀಲದಲ್ಲಿ

ಮೃದಂಗದವರದು ಬೇರೆಯೇ ಲೋಕ. ಬಲಮುಖದ ಅಂಚನ್ನು ಹೊಡೆದು ಶ್ರುತಿ ಏರಿಳಿಸಲು ದುಂಡುಕಲ್ಲು, ಗಟ್ಟಿಮರದ ತುಂಡು, ಬಲಮುಖಕ್ಕೆ ಸಿಕ್ಕಿಸುವ ಕುಚ್ಚಿ, ಅಂದರೆ ಸಣ್ಣ ಕಡ್ಡಿಚೂರು. ಎಡಮುಖಕ್ಕೆ ಒಂದು ಹಿಡಿ ಚಿರೋಟಿ ರವೆ, ನೀರಿನ ಸಣ್ಣ ಬಾಟಲಿ. ರವೆಗೆ ನೀರು ಚಿಮುಕಿಸಿ ಹತ್ತು ನಿಮಿಷ ನೆನೆಯಲು ಬಿಟ್ಟು, ಚಪಾತಿ ಹಿಟ್ಟಿಗಿಂತ ತುಸು ಮೆತ್ತಗೆ ನಾದಿ, ಚರ್ಮವನ್ನು ಒದ್ದೆ ಮಾಡಿ ನಡುವೆ ಅಂಟಿಸುತ್ತಾರೆ. ಒಣಗಿದರೆ ಶ್ರುತಿ ಏರುತ್ತದೆ, ಕಛೇರಿಯ ನಡುವೆ ಬೆರಳು ಒದ್ದೆ ಮಾಡಿ ತಟ್ಟುವುದು ಅದಕ್ಕೆ. ಮುಗಿದ ಮೇಲೆ ಕೆರೆದು ತೆಗೆಯಲೇಬೇಕು, ಇಲ್ಲವಾದರೆ ಆ ರುಚಿಗೆ ಬರುವ ಇಲಿ, ಜಿರಳೆ ಚರ್ಮವನ್ನೂ ಬಿಡುವುದಿಲ್ಲ. ಈಗೀಗ ರವೆಯ ಬದಲು ಸಿಂಥೆಟಿಕ್ ಅಂಟು ಇಟ್ಟುಕೊಳ್ಳುವವರೂ ಇದ್ದಾರೆ. ಖಂಜೀರದವರಿಗೆ ನೀರಿನ ಬಾಟಲಿಯೇ ಶ್ರುತಿ ಕೀಲಿ. ಮೋರ್ಚಿಂಗ್ ನುಡಿಸುವವರು ಜೇನುಮೇಣದ ಉಂಡೆ ಇಟ್ಟುಕೊಂಡಿರುತ್ತಾರೆ: ನಾಲಿಗೆಗೆ, ಅಂದರೆ ವಾದ್ಯದ ಲೋಹದ ನಾಲಿಗೆಗೆ, ಚಿಟಿಕೆಯಷ್ಟು ಅಂಟಿಸಿದರೆ ಶ್ರುತಿ ಇಳಿಯುತ್ತದೆ.

ಪ್ರಯಾಣ

ಪಿಟೀಲನ್ನು ಜೋಡಿಸಿರುವುದು ಶಾಖಕ್ಕೆ ಮೆತ್ತಗಾಗುವ ಸರೇಸು ಎಂಬ ಅಂಟಿನಿಂದ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಅಂಚು ಬಿಚ್ಚಿಕೊಳ್ಳಬಹುದು. ಬಿಚ್ಚಿದ ಅಂಚಿಗೆ ಫೆವಿಕಾಲ್ ಹಾಕಬೇಡಿ. ಸರೇಸು ಹಾಕಿದ ಜೋಡಣೆಯನ್ನು ಮುಂದೆಯೂ ಹಲಗೆ ಸೀಳದೆ ತೆರೆಯಬಹುದು, ಫೆವಿಕಾಲ್ ಹಾಕಿದರೆ ಆಗುವುದಿಲ್ಲ. ಗೂಡಿನಲ್ಲೊಂದು ಪುಟ್ಟ ತೇವಮಾಪಕ ಇದ್ದು ಅದು 40ರಿಂದ 60 ಪ್ರತಿಶತದೊಳಗೆ ತೋರಿಸುತ್ತಿದ್ದರೆ ಚಿಂತೆಯಿಲ್ಲ. ಮಳೆಗಾಲದಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣ ಇಡಿ. ವಿಮಾನದಲ್ಲಿ ವಾದ್ಯ ಕೈಯಲ್ಲೇ ಇರಲಿ, ಪವರ್ ಬ್ಯಾಂಕ್ ಕೂಡ. ಕತ್ತರಿ, ಇಕ್ಕಳ ಮಾತ್ರ ಕೊಡುವ ಲಗೇಜಿಗೆ ಹೋಗಬೇಕು. ತಪಾಸಣೆಯಲ್ಲಿ ಅವನ್ನು ಕಸದ ಬುಟ್ಟಿಗೆ ಹಾಕಿ ಬಂದವರು ಬಹಳ.

ಮರಳಿ ತುಂಬುವಾಗ ಮೊದಲು ಕಮಾನು ಸಡಿಲಿಸಿ, ಆಮೇಲೆ ತಂತಿ, ಮರ ಒರೆಸಿ, ಹೊದಿಕೆ ಹಾಕಿ, ಕೊನೆಗೆ ಕಮಾನಿನ ಕೊಂಡಿ ತಿರುಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ. ಅಂದು ತಂತಿ ಬಳಕೆಯಾಗಿದ್ದರೆ ಖಾಲಿ ಲಕೋಟೆಯನ್ನು ಪೆಟ್ಟಿಗೆಯಲ್ಲೇ ಬಿಡಬೇಡಿ. ಮುಂದಿನ ಸಲ ಕತ್ತಲಲ್ಲಿ ತಡಕಿದಾಗ ಅದು ತುಂಬಿದ ಲಕೋಟೆಯಂತೆಯೇ ಕೈಗೆ ಸಿಗುತ್ತದೆ. ಜೇಬಿಗೆ ಹಾಕಿಕೊಳ್ಳಿ, ಮರುದಿನ ಅಂಗಡಿಗೆ ಹೋಗುವ ನೆನಪಾದರೂ ಇರುತ್ತದೆ.