ಇಂಗ್ಲೆಂಡಿಗೆ ಹೊರಟವರಿಗೆ: ಮನೆಯ ಶೆಡ್ಡಿನಲ್ಲಿ ಸೈಕಲ್ ಉಳಿಸಿಕೊಳ್ಳುವ ಬಗೆ

ಕಾಫಿ ಕೊಯ್ಲಿನ ಹೊತ್ತಿಗೆ ನಾನು ಸಕಲೇಶಪುರದ ಹತ್ತಿರದ ನಮ್ಮ ಮನೆಗೆ ಬಂದಾಗಲೆಲ್ಲ, ಓದಿಗೋ ಕೆಲಸಕ್ಕೋ ಇಂಗ್ಲೆಂಡಿಗೆ ಹೊರಟಿರುವ ಹಾಸನ, ಚಿಕ್ಕಮಗಳೂರು ಕಡೆಯ ಒಬ್ಬಿಬ್ಬರಾದರೂ ವಿಚಾರಿಸಲು ಬರುತ್ತಾರೆ. ಬಾಡಿಗೆ ಎಷ್ಟು, ಚಳಿಗೆ ಯಾವ ಬಟ್ಟೆ, ಸೋನಾ ಮಸೂರಿ ಎಲ್ಲಿ ಸಿಗುತ್ತದೆ ಎಂದೆಲ್ಲ ಕೇಳುವ ಅವರು ಸೈಕಲ್ಲಿನ ಮಾತನ್ನು ಮಾತ್ರ ಎತ್ತುವುದಿಲ್ಲ. ಆದರೆ ಹೋದ ಕೆಲವೇ ತಿಂಗಳಲ್ಲಿ ಅವರಲ್ಲಿ ಅನೇಕರು ಸೈಕಲ್ ಕೊಳ್ಳುತ್ತಾರೆ. ಅಲ್ಲಿ 1999ರಿಂದ ‘ಸೈಕಲ್ ಟು ವರ್ಕ್’ ಎಂಬ ಯೋಜನೆಯಿದ್ದು, ಅದಕ್ಕೆ ಸೇರಿದ ಕಂಪನಿಗಳು ಸೈಕಲ್ ಕೊಡಿಸಿ, ತೆರಿಗೆಗೆ ಮೊದಲಿನ ಸಂಬಳದಲ್ಲಿ ತಿಂಗಳು ತಿಂಗಳು ಮುರಿದುಕೊಳ್ಳುತ್ತವೆ. ಹೀಗಾಗಿ ಹೊಸಬರೂ ಧೈರ್ಯವಾಗಿ ದುಬಾರಿ ಸೈಕಲ್ಲನ್ನೇ ಆರಿಸುತ್ತಾರೆ. ಅದು ಕಳುವಾದರೂ ಸಾಮಾನ್ಯವಾಗಿ ಕಂತು ನಿಲ್ಲುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ನನ್ನದು ಕಳುವಾದದ್ದು ನಾನು ಹೋದ ಎರಡನೆಯ ಚಳಿಗಾಲದಲ್ಲಿ. ಬೆಳಿಗ್ಗೆ ಹಿತ್ತಲಿಗೆ ಹೋಗಿ ನೋಡಿದರೆ ಮರದ ಶೆಡ್ಡಿನ ಬಾಗಿಲು ಅರೆ ತೆರೆದಿತ್ತು. ನಾನು ಹುಡುಕಿ ತಂದಿದ್ದ ದಪ್ಪ ಹಿತ್ತಾಳೆ ಬೀಗ ಹಾಕಿದ ಹಾಗೆಯೇ ಇತ್ತು. ಅದು ಕಚ್ಚಿಕೊಂಡಿದ್ದ ಕೊಂಡಿ ಮಾತ್ರ ಪಟ್ಟಿ ಸಮೇತ ಕಿತ್ತುಬಂದು ಇಬ್ಬನಿ ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ಬಿದ್ದಿತ್ತು. ಪಕ್ಕದಲ್ಲಿ ಅರ್ಧ ಬೆರಳುದ್ದವೂ ಇಲ್ಲದ ನಾಲ್ಕು ಸ್ಕ್ರೂಗಳಿದ್ದವು. ಮೀಟಲು ಬಳಸಿದ್ದು ಬೇಲಿಗೆ ಒರಗಿಸಿಟ್ಟಿದ್ದ ನನ್ನದೇ ಗುದ್ದಲಿ.

ಆ ಕೊಂಡಿಯನ್ನು ಕೈಯಲ್ಲಿ ಹಿಡಿದಾಗ ನನಗೆ ನೆನಪಾದದ್ದು ನಮ್ಮ ತೋಟದ ಗೋದಾಮಿನ ಬಾಗಿಲು. ಕಣದಲ್ಲಿ ಒಣಗಿದ ಕಾಫಿಯನ್ನೂ ಮೆಣಸನ್ನೂ ಮೂಟೆ ಕಟ್ಟಿ ಇಡುವ ಆ ಬಾಗಿಲಿನ ಚಿಲಕಕ್ಕೆ ಅಪ್ಪ ಎಂದೂ ಸ್ಕ್ರೂ ಹೊಡೆಸಿದವರಲ್ಲ. ಹಲಗೆಯ ಆಚೆಯಿಂದ ಈಚೆಗೆ ತೂತು ಕೊರೆಸಿ, ಬೋಲ್ಟಿನ ಗುಂಡು ತಲೆ ಹೊರಗೆ ಬರುವಂತೆ, ನಟ್ಟು ಒಳಗೆ ಉಳಿಯುವಂತೆ ಬಿಗಿಸಿರುತ್ತಿದ್ದರು. ಇಂಗ್ಲೆಂಡಿನ ಶೆಡ್ಡಿಗೂ ಮಾಡಬೇಕಾದದ್ದು ಇಷ್ಟೇ. ಕೋಚ್ ಬೋಲ್ಟ್ ಎಂದು ಕೇಳಿದರೆ ಅಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಡುತ್ತಾರೆ. ಶೆಡ್ಡಿನ ಹಲಗೆ ತೆಳುವಾದ್ದರಿಂದ ನಟ್ಟಿನ ಹಿಂದೆ ಅಗಲವಾದ ವಾಷರನ್ನೋ ಕಬ್ಬಿಣದ ಪಟ್ಟಿಯನ್ನೋ ಇಡಿ. ಕೀಲುಗಳನ್ನು ಮರೆಯಬೇಡಿ, ಏಕೆಂದರೆ ಅನೇಕ ಶೆಡ್ಡುಗಳಲ್ಲಿ ಕೀಲಿನ ಸ್ಕ್ರೂಗಳು ಹೊರಗೇ ಕಾಣುತ್ತವೆ, ಅವನ್ನು ಬಿಚ್ಚಿದವನಿಗೆ ಬೀಗದ ಗೊಡವೆಯೇ ಇರುವುದಿಲ್ಲ. ಕಿಟಕಿಯಿದ್ದರೆ ಒಳಗಿನಿಂದ ಪರದೆ ಹಾಕಿ. ಗುದ್ದಲಿ, ಹಾರೆ, ಏಣಿಯಂಥವನ್ನು ಹೊರಗೆ ಬಿಡಬೇಡಿ.

ಇಷ್ಟಾದರೂ ಬಾಗಿಲು ಕಳ್ಳನನ್ನು ಸ್ವಲ್ಪ ಹೊತ್ತು ತಡೆಯುತ್ತದೆಯೇ ಹೊರತು ಪೂರ್ತಿಯಾಗಿ ನಿಲ್ಲಿಸುವುದಿಲ್ಲ. ಆದ್ದರಿಂದ ಶೆಡ್ಡಿನ ಒಳಗೂ ಸೈಕಲ್ಲನ್ನು ನೆಲಕ್ಕೆ ಕಟ್ಟಿಹಾಕಬೇಕು ಎಂಬುದೇ ನಾನು ಹೊಸಬರಿಗೆ ಒತ್ತಿ ಹೇಳುವ ಮಾತು. ಊರಿನಲ್ಲಿ ಹಿಂದಿನ ಚಕ್ರದ ಬೀಗವನ್ನು ಒತ್ತಿ ಜಗಲಿಯ ಬದಿಗೆ ನಿಲ್ಲಿಸಿ ಮಲಗಿದವರಿಗೆ ಇದು ಅತಿಯೆನಿಸಬಹುದು, ಆದರೆ ಯಾವುದಕ್ಕೂ ಕಟ್ಟದ ಸೈಕಲ್ಲನ್ನು ಹಾಗೆಯೇ ಎತ್ತಿ ವ್ಯಾನಿಗೆ ಹಾಕಿಕೊಂಡು ಹೋಗುತ್ತಾರೆ. ಗ್ಯಾರೇಜಿನ ನೆಲ ಕಾಂಕ್ರೀಟಿನದಾದರೆ ಗ್ರೌಂಡ್ ಆಂಕರ್ ಎಂಬ ಉಕ್ಕಿನ ಬಳೆಯನ್ನು ಅದರೊಡನೆ ಬರುವ ಬೋಲ್ಟುಗಳಿಂದ ನೆಲಕ್ಕೆ ಕೂರಿಸಬಹುದು. ಮರದ ನೆಲಕ್ಕೆ ಅದನ್ನು ಕೂರಿಸಿ ಪ್ರಯೋಜನವಿಲ್ಲ, ಹಲಗೆಯೇ ಎದ್ದುಬರುತ್ತದೆ. ನಾನು ಶೆಡ್ಡಿನ ಒಂದು ಮೂಲೆಯ ಹಲಗೆ ತೆಗೆಸಿ, ಗುಂಡಿ ತೋಡಿ, ಕಾಂಕ್ರೀಟ್ ಹಾಕಿಸಿ ಅದರಲ್ಲಿ ಬಳೆಯನ್ನು ಹುಗಿಸಿದೆ. ಒಂದು ಶನಿವಾರದ ಕೆಲಸ.

ಬೀಗ ಕೊಳ್ಳುವಾಗ ಸೋಲ್ಡ್ ಸೆಕ್ಯೂರ್ ಎಂಬ ಗುರುತನ್ನು ನೋಡಿ. ಬೀಗ ಮುರಿಯುವ ಪರೀಕ್ಷೆ ನಡೆಸಿ ಕಂಚು, ಬೆಳ್ಳಿ, ಚಿನ್ನ, ವಜ್ರ ಎಂದು ದರ್ಜೆ ಕೊಡುವ ಸಂಸ್ಥೆಯದು. ಮನೆಯಲ್ಲೇ ಇರಿಸುವ ಸರಪಳಿಗೆ ಭಾರದ ಚಿಂತೆಯಿಲ್ಲ. 16 ಮಿಲಿಮೀಟರ್ ದಪ್ಪದ ಗಟ್ಟಿ ಉಕ್ಕಿನ ಕೊಂಡಿಗಳಿದ್ದರೆ ಕೈಯ ಬೋಲ್ಟ್ ಕಟರಿಗೆ ಅದು ಜಗ್ಗುವುದಿಲ್ಲ. ಆಂಗಲ್ ಗ್ರೈಂಡರ್ ಅದನ್ನೂ ಕತ್ತರಿಸುತ್ತದೆ ನಿಜ, ಆದರೆ ಆ ಸದ್ದಿಗೂ ಕಿಡಿಗೂ ನೆರೆಯವರು ಎದ್ದು ದೀಪ ಹಾಕುವ ಸಂಭವವಿರುತ್ತದೆ. ಸರಪಳಿಯನ್ನು ಚೌಕಟ್ಟಿನ ಒಳಗೆ ತೂರಿಸಿ ಬಿಗಿಯಾಗಿ ಹಾಕಿ, ನೆಲದ ಮೇಲೆ ಜೋಲಲು ಬಿಡಬೇಡಿ. ನೆಲದ ಆಸರೆ ಸಿಕ್ಕಿದರೆ ಕಟರಿನ ಒಂದು ಹಿಡಿಯನ್ನು ಅಲ್ಲಿಗೆ ಊರಿ, ಇನ್ನೊಂದರ ಮೇಲೆ ಮೈಭಾರ ಬಿಟ್ಟು ಒತ್ತಲು ಬರುತ್ತದೆ.

ಮೇಲಕ್ಕೆ ಎತ್ತಿ ತೆರೆಯುವ ತಗಡಿನ ಗ್ಯಾರೇಜ್ ಬಾಗಿಲುಗಳ ನಡುವಿನ ಹಿಡಿಯ ಬೀಗ ಬಹಳ ದುರ್ಬಲ. ಎರಡೂ ಬದಿಗೆ ಒಳಗಿನಿಂದ ಅಗಳಿ ಕೂರಿಸಿದರೆ ಅದು ಗಟ್ಟಿಯಾಗುತ್ತದೆ. ಬಾಗಿಲು ತೆರೆದಿಟ್ಟು ಸೈಕಲ್ ತೊಳೆಯುತ್ತ ಕೂರುವುದು, ಸವಾರಿಯ ದಾರಿಯನ್ನು ದಾಖಲಿಸುವ ಸ್ಟ್ರಾವಾ ಎಂಬ ಆ್ಯಪಿನಲ್ಲಿ ಮನೆಯ ಬಾಗಿಲಿನಿಂದಲೇ ಶುರುವಾಗುವ ದಾರಿಯನ್ನು ಎಲ್ಲರಿಗೂ ಕಾಣುವಂತೆ ಹಾಕುವುದು, ಎರಡೂ ಬೇಡ. ಆ ಆ್ಯಪಿನಲ್ಲಿ ಮನೆಯ ಸುತ್ತಲಿನ ಭಾಗವನ್ನು ಮರೆಮಾಡುವ ಸೌಲಭ್ಯವಿದೆ.

ಬಾಡಿಗೆ ಮನೆಯಲ್ಲಿರುವವರು ನೆಲ ಕೊರೆಯುವ ಮುನ್ನ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಅವರು ಒಪ್ಪದಿದ್ದರೆ ಸೈಕಲ್ಲನ್ನು ಮನೆಯೊಳಗೇ ಇಟ್ಟುಕೊಳ್ಳಿ. ವಿಮೆಯ ಪತ್ರವನ್ನು ನಿದಾನವಾಗಿ ಓದಿ. ಇಂತಿಷ್ಟು ಬೆಲೆಗೆ ಮೇಲ್ಪಟ್ಟ ಸೈಕಲ್ಲನ್ನು ಬೇರೆಯಾಗಿ ನಮೂದಿಸಬೇಕು, ಶೆಡ್ಡಿನಲ್ಲಿದ್ದರೆ ಇಂಥ ದರ್ಜೆಯ ಬೀಗ ಇರಲೇಬೇಕು ಎಂಬ ಷರತ್ತುಗಳು ಅದರಲ್ಲಿರುತ್ತವೆ, ಮತ್ತು ಹಣ ಕೇಳುವಾಗ ಬೀಗದ ರಸೀದಿಯನ್ನೂ ತೋರಿಸಬೇಕಾಗಬಹುದು.

ಕಳುವಾದ ದಿನ ನಾನು 101ಕ್ಕೆ ಫೋನ್ ಮಾಡಿದೆ. ತುರ್ತಲ್ಲದ ದೂರುಗಳಿಗೆ ಅಲ್ಲಿನ ಪೊಲೀಸರ ಸಂಖ್ಯೆ ಅದು. ಅವರು ಚೌಕಟ್ಟಿನ ಸಂಖ್ಯೆ ಕೇಳಿದಾಗ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ನೀವು ಸೈಕಲ್ ತಂದ ದಿನವೇ ಅದನ್ನು ತಲೆಕೆಳಗು ಮಾಡಿ, ಪೆಡಲುಗಳ ನಡುವಿನ ಕೊಳವೆಯ ಅಡಿಯಲ್ಲಿ ಸಾಮಾನ್ಯವಾಗಿ ಕೊರೆದಿರುವ ಆ ಸಂಖ್ಯೆಯ ಫೋಟೊ ತೆಗೆಯಿರಿ. ಪೊಲೀಸರು ನೋಡುವ ಬೈಕ್‌ರಿಜಿಸ್ಟರ್ ಎಂಬ ದಾಖಲೆಯಲ್ಲಿ ಅದನ್ನು ಸೇರಿಸಿ. ಆಮೇಲೆ ಫೋಟೊವನ್ನೂ ರಸೀದಿಯನ್ನೂ ಊರಿನಲ್ಲಿರುವ ಅಪ್ಪ ಅಮ್ಮನ ವಾಟ್ಸಾಪಿಗೆ ಕಳಿಸಿಡಿ. ಫೋನೇ ಕಳೆದುಹೋದರೂ ಹಾಸನದಲ್ಲೋ ಮೂಡಿಗೆರೆಯಲ್ಲೋ ಒಂದು ಪ್ರತಿ ಉಳಿದಿರುತ್ತದೆ.