ಅಗತ್ತಿಯಿಂದ ಪೋರ್ಟ್ ಬ್ಲೇರ್‌ಗೆ ಎಷ್ಟು ತಾಸು?

ಮಂಡಿಪೇಟೆಯ ಬಟ್ಟೆ ಅಂಗಡಿ ಸಾಹುಕಾರರು ನಮ್ಮ ಟ್ರಾವೆಲ್ಸ್ ಆಫೀಸಿಗೆ ಬಂದು ಕೂತರು. 'ತಮ್ಮಾ, ಲಕ್ಷದ್ವೀಪ, ಅಂಡಮಾನ್ ಎರಡೂ ಒಂದೇ ಸಲ ಮುಗಿಸಿಬಿಡೋಣ. ಅಗತ್ತಿಯಿಂದ ಪೋರ್ಟ್ ಬ್ಲೇರ್‌ಗೆ ನೇರ ವಿಮಾನ ನೋಡು. ಎಷ್ಟು ತಾಸು ಆಗ್ತದೆ?'

ಅಂಥ ವಿಮಾನ ಇಲ್ಲ. ಸುಮ್ನೆ ಇಲ್ಲ ಅಂದರೆ ಎದ್ದು ಪಕ್ಕದ ಆಫೀಸಿಗೆ ಹೋಗುತ್ತಾರೆ. ಲೆಕ್ಕ ತೋರಿಸಿದರೆ ಕೂತು ಕೇಳುತ್ತಾರೆ, ವ್ಯಾಪಾರಸ್ಥರಲ್ವಾ!

ಮಗಳ ಗ್ಲೋಬ್ ಆಫೀಸಲ್ಲೇ ಬಿದ್ದಿತ್ತು. ಅದರ ನಡುವಿಗೆ ದಾರ ಸುತ್ತಿ ಅಳೆದೆ: 94 ಸೆಂ.ಮೀ. ಭೂಮಿಯ ಸುತ್ತಳತೆ 40,000 ಕಿ.ಮೀ. ಅಂದರೆ ಒಂದು ಸೆಂ.ಮೀ.ಗೆ ಸುಮಾರು 425 ಕಿ.ಮೀ. ಎರಡು ದ್ವೀಪಗಳ ನಡುವೆ ದಾರ ಎಳೆದರೆ ಐದೂಕಾಲು ಸೆಂ.ಮೀ. ಬಂತು, ಅಂದರೆ ಸುಮಾರು 2,230 ಕಿ.ಮೀ. ದಾರವನ್ನು ಸಾಹುಕಾರರೇ ಹಿಡಿದಿದ್ದರು, ಅಳತೆಯಲ್ಲಿ ನನಗಿಂತ ಅವರ ಕೈ ಪಕ್ಕಾ.

ಆಮೇಲೆ ಹಾಳೆಯ ಮೇಲೆ ತಾಳೆ ನೋಡಿದೆ. ಎರಡೂ ಊರು ಹೆಚ್ಚುಕಮ್ಮಿ 11 ಡಿಗ್ರಿ ಅಕ್ಷಾಂಶದಲ್ಲೇ ಇವೆ. ಅಗತ್ತಿ 72 ಡಿಗ್ರಿ ರೇಖಾಂಶದ ಹತ್ತಿರ, ಪೋರ್ಟ್ ಬ್ಲೇರ್ 92.7. ನಡುವೆ ಇಪ್ಪತ್ತೂವರೆ ಡಿಗ್ರಿ. ಅಷ್ಟು ಉತ್ತರದಲ್ಲಿ ಒಂದು ಡಿಗ್ರಿಗೆ 109 ಕಿ.ಮೀ. ಗುಣಿಸಿದರೆ ಸುಮಾರು 2,240. (ಡಿಗ್ರಿಗೆ ನಾಲ್ಕು ನಿಮಿಷದಂತೆ ಅಂಡಮಾನಿನಲ್ಲಿ ಸೂರ್ಯ ಒಂದು ಗಂಟೆ ಇಪ್ಪತ್ತು ನಿಮಿಷ ಮೊದಲೇ ಹುಟ್ಟುತ್ತಾನೆ. ಗಡಿಯಾರ ಮಾತ್ರ ಎರಡೂ ಕಡೆ ಒಂದೇ!)

ಗಂಟೆಗೆ 800 ಕಿ.ಮೀ. ಓಡುವ ಜೆಟ್‌ಗೆ ಏರೋದು ಇಳಿಯೋದು ಸೇರಿ ಮೂರು ತಾಸು ಚಿಲ್ಲರೆ ಸಾಕು. ಆದರೆ ಅಗತ್ತಿಯ ರನ್‌ವೇ ಸುಮಾರು 1,200 ಮೀಟರ್ ಅಷ್ಟೇ. ಅಲ್ಲಿಗೆ ಬರೋದು ರೆಕ್ಕೆಗೆ ಪಂಖ ಇರುವ ಎಟಿಆರ್. ಅದು ಜನ ತುಂಬಿಕೊಂಡು ಒಂದೇ ಉಸಿರಿಗೆ 2,240 ಕಿ.ಮೀ. ಹಾರಲ್ಲ. ಅಷ್ಟು ದೂರ ಹಾರುವ ಜೆಟ್ ಅಗತ್ತಿಯಲ್ಲಿ ಇಳಿಯಲ್ಲ.

ಹಾಗಾಗಿ ದಾರಿ ಅಂದರೆ ಕೊಚ್ಚಿ, ಚೆನ್ನೈ ಮೇಲೆ. ಅಗತ್ತಿ–ಕೊಚ್ಚಿ 470, ಕೊಚ್ಚಿ–ಚೆನ್ನೈ 520, ಚೆನ್ನೈ–ಪೋರ್ಟ್ ಬ್ಲೇರ್ 1,370. ಕೂಡಿದರೆ 2,360. ನೇರ ಗೆರೆಗಿಂತ 120 ಕಿ.ಮೀ. ಮಾತ್ರ ಜಾಸ್ತಿ! ನನಗೇ ಆಶ್ಚರ್ಯ ಆಯಿತು, ಮೂರನೇ ಸಲ ಕೂಡಿಸಿದೆ. ಗಾಳಿಯಲ್ಲಿ ಇರೋದೂ ಐದು ತಾಸು ಅಷ್ಟೇ. ಉಳಿದದ್ದೆಲ್ಲ ಕಾಯೋದು. ಅವರು ಹೇಳಿದ ದಿನಗಳಿಗೆ ವೇಳೆ ಹೊಂದಿಸಿ ನೋಡಿದರೆ ಚೆನ್ನೈಯಲ್ಲಿ ಒಂದು ರಾತ್ರಿ ಲಾಡ್ಜ್ ತಪ್ಪುತ್ತಿರಲಿಲ್ಲ. ಒಟ್ಟು ಇಪ್ಪತ್ತು ತಾಸಿನ ಮೇಲೆ.

ಸಾಹುಕಾರರು ಗ್ಲೋಬ್ ತಿರುಗಿಸಿ ನೋಡಿದರು. 'ನಡುವೆ ನಮ್ಮ ದಾವಣಗೆರೆನೇ ಐತಲ್ಲೋ. ಚೆನ್ನೈ ಲಾಡ್ಜಲ್ಲಿ ಮಲಗೋ ಬದಲು ಮನೇಲೇ ಮಲಗ್ತೀವಿ. ಎರಡು ಸಲ ಮಾಡು.'

ಅಂಡಮಾನ್ ದೀಪಾವಳಿ ವ್ಯಾಪಾರ ಮುಗಿದ ಮೇಲೆ ಅಂತ ಆಯಿತು. ಲಕ್ಷದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು, ಅದರ ಅರ್ಜಿ ಅವತ್ತೇ ತೆಗೆದೆ. ಅವರ ಮನೆಯವರ ಫೋಟೋ ಇನ್ನೂ ಬಂದಿಲ್ಲ.