ಜಂಟಿ ದಾರಿಯ ಪಾರ್ಕಿಂಗ್ ಜಗಳ: ನಾನು ಮುಗಿಸಿದ್ದು ಹೀಗೆ

ಕೋರ್ಟಿಗೆ ಹೋಗದೆ ಇದು ಬಗೆಹರಿಯಲ್ಲ ಅಂತ ಎಲ್ಲರೂ ಹೇಳಿದ್ದರು. ನನ್ನ ಹೆಂಡತಿಯೂ ಸೇರಿ. ಈಗ ಹದಿನಾಲ್ಕು ತಿಂಗಳಾಯಿತು, ಹಾರ್ನಿನ ಸದ್ದಿಲ್ಲ.

ದಾರಿಯ ಜಾಗ ಪಕ್ಕದ ಮನೆಯವರದು, ಓಡಾಡುವ ಹಕ್ಕು ನಮಗಿದೆ. ಅಗಲ ಸುಮಾರು 14 ಅಡಿ. ನಮ್ಮ ಗೇಟಿನ ಎದುರಿಗೆ, ಗೋಡೆಗೆ ಒತ್ತಿ ಅವರ ಕಾರು. "ಇಷ್ಟು ಜಾಗ ಇದೆಯಲ್ಲ, ನಿಮಗೆ ತಿರುಗಿಸೋಕೆ ಬರಲ್ಲ ಅಷ್ಟೇ" ಅನ್ನುತ್ತಿದ್ದರು.

ಮೊದಲು ಹೂಕುಂಡ ಇಟ್ಟು ಅಡ್ಡ ಹಾಕಿದೆ. ಮೂರನೇ ದಿನ ನನ್ನದೇ ಬಂಪರ್ ಅದಕ್ಕೆ ಬಡಿಯಿತು. ಆಮೇಲೆ ವಕೀಲರ ನೋಟಿಸ್. ಉತ್ತರ ಬಂತು: ನಮ್ಮ ನೆಂಟರ ಕಾರುಗಳೂ ಅಲ್ಲೇ ನಿಲ್ಲುತ್ತವಂತೆ. ನಿಜವೇ. ಓಡಾಡುವ ಹಕ್ಕಿದ್ದ ಮಾತ್ರಕ್ಕೆ ನಿಲ್ಲಿಸುವ ಹಕ್ಕು ಬರಲ್ಲ, ಅದು ನನಗೂ ಸೇರಿ. ಸರ್ವೆಯವರನ್ನು ಕರೆಸಿದೆ. ಎಲ್ಲರಿಗೂ ಗೊತ್ತಿದ್ದ ಗಡಿಯನ್ನೇ ತೋರಿಸಿ ಹೋದರು. ಮೂರೂ ಸೇರಿ ಹೆಚ್ಚುಕಡಿಮೆ ಒಂದೂವರೆ ತಿಂಗಳ ಸಂಬಳ ಹೋಯಿತು.

ಆಮೇಲೆ ಅಳತೆಗೆ ಇಳಿದೆ. ಟೈರಿಗೆ ನೀರು ಸುರಿದು ಓಡಿಸಿ ಗುರುತು ನೋಡಿದೆ. ಬಿಸಿಲಿಗೆ ಐದೇ ನಿಮಿಷದಲ್ಲಿ ಮಾಯ! ಅದೂ ಅಲ್ಲದೆ ತಗಲುವುದು ಟೈರಲ್ಲ, ಬಂಪರಿನ ಮೂಲೆ. ಅಲ್ಲಿಂದ ದಾರಕ್ಕೆ ನಟ್ಟು ಕಟ್ಟಿ ಇಳಿಬಿಟ್ಟೆ. ನಾನು ಇಂಚಿಂಚಾಗಿ ತಿರುಗಿಸಿ ನಿಲ್ಲಿಸಿದಾಗೆಲ್ಲ ಮಗ ಅದರ ಕೆಳಗೆ ಸೀಮೆಸುಣ್ಣದ ಚುಕ್ಕೆ ಇಟ್ಟ. ಚುಕ್ಕೆ ಸೇರಿಸಿದರೆ ಟೈರಿನ ದಾರಿಗಿಂತ ಒಂದಡಿಗೂ ಜಾಸ್ತಿ ಆಚೆ. ನೇರ ಹೋಗೋಕೆ ಅವರು ಹೇಳಿದಂತೆ ಜಾಗ ಇತ್ತು, ತಿರುಗೋಕೆ ಇರಲಿಲ್ಲ. ಅವರ ಕಾರು ನಾಲ್ಕಡಿ ಮುಂದೆ ಹೋದರೆ ಸಾಕಿತ್ತು, ಅಲ್ವಾ? (ತಿರುವಿನಲ್ಲಿ ಉಬ್ಬು ಕನ್ನಡಿಯನ್ನೂ ಹಾಕಿಸಿದ್ದೆ. ಸುಮ್ನೆ ದಂಡ.)

ನಾನೇ ಹೇಳಿದ್ದರೆ ಕೇಳುತ್ತಿರಲಿಲ್ಲ. ನನ್ನ ಕಾರಿನ ಕೀಯನ್ನೇ ಅವರ ಕೈಗೆ ಕೊಟ್ಟೆ. ಏನು ಹೇಳಿ ಕೊಟ್ಟೆ ಅನ್ನೋದು ನನ್ನ ಗುಟ್ಟು! ತಮ್ಮ ಕಾರಿಗೆ ಗೇಣು ದೂರದಲ್ಲಿ ಬ್ರೇಕ್ ಒತ್ತಿ, ಇಳಿದು, ಸೀಮೆಸುಣ್ಣದ ಗೆರೆಯನ್ನು ತುಂಬಾ ಹೊತ್ತು ನೋಡಿದರು.

ಅದೇ ವಾರ ಒಂದು ಡಬ್ಬ ಪೇಂಟಿನಲ್ಲಿ ಗೆರೆ ಎಳೆದೆವು. ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. "ಈ ಗೆರೆ ಗಡಿಯಲ್ಲ, ಇದರಿಂದ ಯಾರ ಹಕ್ಕೂ ಹೆಚ್ಚಲ್ಲ, ಕಮ್ಮಿಯಾಗಲ್ಲ" ಅನ್ನೋ ಸಾಲು ಸೇರಿಸಿದ ಮೇಲೆಯೇ ಅವರು ಪೆನ್ನು ತೆಗೆದದ್ದು. ನಮ್ಮ ನೆಂಟರ ಕಾರುಗಳು ಈಗ ರಸ್ತೆಯಲ್ಲಿ.

ಮೊನ್ನೆ ಅವರು ಇನ್ನೂ ಉದ್ದದ ಕಾರು ತಂದರು. ಸಂಜೆ ಬಾಗಿಲು ತಟ್ಟಿ, "ಸೀಮೆಸುಣ್ಣ ಇದೆಯಾ?" ಅಂದರು.